ಬಾಯಿಯ ಬೀಗ ತೆಗೆದ ಐಸ್ ಕಾಫಿ

ಮೂವತ್ತು ವರ್ಷ ಬೀಗ ಮಾರಿದವನಿಗೆ ಒಂದು ಲೋಟ ಐಸ್ ಕಾಫಿ ಮಾಡುವುದು ಯಾವ ಬ್ರಹ್ಮವಿದ್ಯೆ? ಹೀಗೆಂದು ನಾನು ಶನಿವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ, ಘಂಟಾಘೋಷವಾಗಿ ಸಾರಿದೆ.

ಸಾರಿದ್ದನ್ನು ಕೇಳಿದವರು ಇಬ್ಬರು. ಒಬ್ಬಳು ನನ್ನ ಹೆಂಡತಿ. ಪ್ರಾಥಮಿಕ ಶಾಲೆಯ ಟೀಚರ್. ಮೂರನೇ ತರಗತಿಯ ನಲವತ್ತೆರಡು ಮಕ್ಕಳನ್ನು ಬರೀ ಹುಬ್ಬಿನಿಂದಲೇ ಬೆಂಚಿಗೆ ಅಂಟಿಸಬಲ್ಲವಳು. ಇನ್ನೊಬ್ಬಳು ಮಗಳು, ಕಾಲೇಜಿನವಳು. ಮೊಬೈಲಿನಿಂದ ತಲೆ ಎತ್ತುವುದೇ ಅಪರೂಪ, ಆ ದಿನ ಎತ್ತಿದಳು.

"ಅಡುಗೆಮನೇಲಿ ನೀವು ಕೊನೇ ಸಲ ಏನು ಮಾಡಿದ್ರಿ, ನೆನಪಿದೆಯಾ?" ಎಂದಳು ಹೆಂಡತಿ.

"ಯಾಕಿಲ್ಲ? ನೀರು ಕಾಯಿಸಿದ್ದೆ."

"ತಳ ಹಿಡಿಸಿದ್ರಿ!"

ವ್ಯಾಪಾರಿಗೆ ಹಳೆಯ ನಷ್ಟ ನೆನೆಯುವ ಚಟ ಇರಬಾರದು. ನಾನು ಕೇಳಿಸಿಕೊಳ್ಳಲಿಲ್ಲ.

ಇಷ್ಟಕ್ಕೂ ನಾನು ಐಸ್ ಕಾಫಿಗೆ ಕೈ ಹಾಕಿದ್ದು ನಾಲಿಗೆಯ ಚಪಲಕ್ಕಲ್ಲ, ಹೊಟ್ಟೆಪಾಡಿಗೆ. ನನ್ನ ಅಂಗಡಿಯ ಎದುರಿಗೇ ಇನ್ನೊಂದು ಬೀಗದ ಅಂಗಡಿ ಬಂದು ಎರಡು ವರ್ಷವಾಯಿತು. ಅದರ ಮಾಲೀಕನನ್ನು ನಾನು ಹೆಸರು ಹಿಡಿದು ಕರೆಯುವುದಿಲ್ಲ. 'ಎದುರಂಗಡಿ' ಎನ್ನುತ್ತೇನೆ, ಅದೂ ಹಲ್ಲು ಕಚ್ಚಿಕೊಂಡು. ಗಾಜಿನ ಬಾಗಿಲು, ಏಸಿ, ಬೆರಳಿಟ್ಟರೆ ತೆರೆಯುವ ಬೀಗ, ಮುಖ ನೋಡಿ ತೆರೆಯುವ ಬೀಗ! ನನ್ನ ಹಳೆಯ ಗಿರಾಕಿಗಳೆಲ್ಲ ನನ್ನ ಕಡೆ ಒಂದು ನಮಸ್ಕಾರ ಎಸೆದು ಅವನ ಮೆಟ್ಟಿಲು ಹತ್ತುತ್ತಿದ್ದರು. ಇಂಥ ಹೊತ್ತಿನಲ್ಲಿ ಒಂದು ಸುದ್ದಿ ಬಂತು. ಪಕ್ಕದ ಊರಿನ ಬೀಗದ ಕಾರ್ಖಾನೆಯ ಯಜಮಾನರು ಹೊಸದೊಂದು ಗಟ್ಟಿ ಬೀಗ ತಂದಿದ್ದಾರೆ, ನಮ್ಮ ಊರಿಗೆ ಒಬ್ಬನೇ ಒಬ್ಬ ಏಜೆಂಟನನ್ನು ನೇಮಿಸುತ್ತಾರೆ! ಆ ಏಜೆನ್ಸಿ ನನಗೆ ಸಿಕ್ಕರೆ ಅಂಗಡಿ ಉಳಿಯಿತು. ಎದುರಂಗಡಿಗೆ ಸಿಕ್ಕರೆ, ನನ್ನ ಅಂಗಡಿಗೆ ನಾನೇ ಬೀಗ ಹಾಕಿ ಮನೆಗೆ ಬರಬೇಕು. ಊರಿಗೆಲ್ಲ ಬೀಗ ಕೊಟ್ಟವನಿಗೆ ಇಂಥ ಗತಿಯೇ! (ಮಗಳಿಗೆ ಮದುವೆಯಾಗಿಲ್ಲವಾದ್ದರಿಂದ ಕಷ್ಟಕ್ಕೆ ಒದಗಲು ಬೀಗರೂ ಇಲ್ಲ.)

ಯಜಮಾನರು ಭಾನುವಾರ ಸಂಜೆ ನಾಲ್ಕಕ್ಕೆ ಮಾತುಕತೆಗೆ ಬರುತ್ತೇನೆ ಎಂದು ಹೇಳಿಕಳಿಸಿದರು. ಅಂಗಡಿಯಲ್ಲಿ ಕೂರಿಸಿದರೆ ಎದುರಂಗಡಿಯವನು ಗಾಜಿನ ಹಿಂದೆ ನಿಂತು ನಮ್ಮ ತುಟಿ ಓದುತ್ತಾನೆ. ಹಾಗಾಗಿ ಮನೆಗೇ ಕರೆದೆ.

ಇಲ್ಲಿ ನನ್ನ ವ್ಯಾಪಾರದ ಗುಟ್ಟೊಂದನ್ನು ಬಿಟ್ಟುಕೊಡಬೇಕು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮೌನ ಬಲ್ಲವನಿಗೆ ನಷ್ಟವಿಲ್ಲ ಎನ್ನುವುದು ಆ ಗಾದೆಗೆ ನಾನು ತಂದ ತಿದ್ದುಪಡಿ. ಮಾತುಕತೆಗೆ ಕೂತಾಗ ನಾನು ತುಟಿ ಎರಡು ಮಾಡುವುದಿಲ್ಲ. ಸುಮ್ಮನೆ ಕೂರುತ್ತೇನೆ. ಎದುರಿಗೆ ಕೂತವನಿಗೆ ಆ ಮೌನ ತಡೆಯಲಾಗುವುದಿಲ್ಲ. ಐದು ನಿಮಿಷಕ್ಕೆ ಕೆಮ್ಮುತ್ತಾನೆ, ಹತ್ತು ನಿಮಿಷಕ್ಕೆ ಬೆವರುತ್ತಾನೆ, ಹನ್ನೆರಡನೇ ನಿಮಿಷಕ್ಕೆ ತನ್ನ ಮನಸ್ಸಿನಲ್ಲಿದ್ದುದನ್ನೆಲ್ಲ ತಾನೇ ಕಕ್ಕುತ್ತಾನೆ. ಮೊದಲು ಬಾಯಿಬಿಟ್ಟವನು ಸೋತ! ಮೂವತ್ತು ವರ್ಷ ನಾನು ಸೋತಿರಲಿಲ್ಲ.

ಆದರೆ ಬರುವವರು ಸಾಮಾನ್ಯರಲ್ಲ. ಪೇಟೆಯಲ್ಲಿ ಅವರಿಗೆ 'ಹೂಂ ಯಜಮಾನರು' ಎಂದೇ ಹೆಸರು. ಏನು ಕೇಳಿದರೂ "ಹೂಂ". ಒಪ್ಪಿದ್ದಕ್ಕೂ ಅದೇ, ಒಪ್ಪದ್ದಕ್ಕೂ ಅದೇ. ಅಂದರೆ ನನ್ನ ಮೌನಕ್ಕೆ ಅಂಥದ್ದೇ ಮೌನ ಎದುರಾಗಲಿತ್ತು. ಮದ್ದಾನೆಯ ಮುಂದೆ ಮದ್ದಾನೆ! ಇಂಥವರ ನಾಲಿಗೆ ಸಡಿಲಿಸಬೇಕಾದರೆ ಎಲ್ಲೂ ಸಿಗದ ಪಾನೀಯ ಬೇಕು. ಬಿಸಿಲಿನ ದಿನ, ತಣ್ಣಗೆ, ಘಮಘಮ. ಅದಕ್ಕೇ ಐಸ್ ಕಾಫಿ.

"ನಿಂಬೆಹಣ್ಣಿನ ಶರಬತ್ತು ಕೊಟ್ಟು ಕಳಿಸಿ, ಸಾಕು," ಎಂದಳು ಹೆಂಡತಿ. "ಮತ್ತೆ ಆ ತಲೆಪಿನ್ನಿನ ವಿಷಯ ಅವರಿಗೆ ನೇರವಾಗಿ ಹೇಳಿಬಿಡಿ."

ತಲೆಪಿನ್ನಿನ ವಿಷಯ ಏನೆಂದರೆ, ಯಜಮಾನರು ಮಾದರಿಗೆಂದು ಕಳಿಸಿದ್ದ ಆ ಗಟ್ಟಿ ಬೀಗವನ್ನು ನಾನು ಹೆಮ್ಮೆಯಿಂದ ಮಗಳ ಕೈಗೆ ಕೊಟ್ಟಿದ್ದೆ. ಅವಳು ತಲೆಯಿಂದ ಒಂದು ಪಿನ್ನು ತೆಗೆದು, ಮೊಬೈಲ್ ನೋಡುತ್ತಲೇ, ಟಕ್ ಎಂದು ಬೀಗ ತೆಗೆದಿಟ್ಟಳು.

"ಹೇಳಿದ್ರೆ ಮುನಿಸಿಕೊಂಡು ಎದುರಂಗಡಿಗೆ ಹೋಗ್ತಾರೆ," ಎಂದೆ. "ಮೊದಲು ಏಜೆನ್ಸಿ ಬರಲಿ. ಆಮೇಲೆ ನಿಧಾನಕ್ಕೆ ನೋಡೋಣ."

"ಜನ ನಿಮ್ಮನ್ನ ನಂಬಿ ಮನೆ ಬಾಗಿಲಿಗೆ ಹಾಕ್ತಾರೆ ರೀ ಅದನ್ನ!"

"ವ್ಯಾಪಾರ ನಿನಗೆ ಅರ್ಥ ಆಗಲ್ಲ ಬಿಡು."

ಅವಳು ಹುಬ್ಬೊಂದನ್ನು ಮೇಲೆತ್ತಿದಳು. ನಾನು ಕಾಫಿಪುಡಿಯ ಡಬ್ಬಿಯ ಹಿಂದೆ ಮರೆಯಾದೆ.

ವಿಧಾನ ಹೇಳಿಕೊಟ್ಟವಳು ಮಗಳು. "ಅಪ್ಪಾ, ಒಲೆನೇ ಹಚ್ಚಬೇಡ. ತರಿತರಿ ಕಾಫಿಪುಡಿ, ತಣ್ಣೀರು, ಎರಡನ್ನೂ ಬೆರೆಸಿ ಫ್ರಿಜ್‌ನಲ್ಲಿ ಒಂದಿನ ಇಡು. ಪುಡಿ ಧಾರಾಳವಾಗಿ ಹಾಕು. ಐಸ್ ಕರಗಿ ಕಾಫಿ ನೀರಾಗಬಾರದು ಅಂದ್ರೆ, ಕಾಫಿಯನ್ನೇ ಐಸ್ ಮಾಡಿಡಬಹುದು."

ಕಾಫಿಯದೇ ಐಸು! ನನಗೆ ಮೈ ಜುಮ್ಮೆಂದಿತು. ಇಂಥ ಉಪಾಯ ಹೊಳೆದವನು ಯಾರೋ ನಮ್ಮ ವ್ಯಾಪಾರಿ ಕುಲದವನೇ ಇರಬೇಕು.

"ಒಂದಿನ ಆದ್ಮೇಲೆ ಬಟ್ಟೇಲಿ ಸೋಸು. ಆಗ ಬರೋ ಡಿಕಾಕ್ಷನ್ ಇದೆಯಲ್ಲ ಅಪ್ಪಾ, ಅದು ಭಯಂಕರ ಸ್ಟ್ರಾಂಗು. ಅದಕ್ಕೇ..."

'ಅದಕ್ಕೇ' ಎನ್ನುವಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಹಲ್ಲಿನ ಡಾಕ್ಟರು. ಕ್ಲಿನಿಕ್ಕಿನ ಬೀಗದೊಳಗೆ ಕೀಲಿ ಮುರಿದು ಕೂತಿದೆ, ಹೊರಗೆ ಆರು ಜನ ಕೆನ್ನೆ ಹಿಡಿದುಕೊಂಡು ನಿಂತಿದ್ದಾರೆ, ಓಡಿ ಬನ್ನಿ! ಎದುರಂಗಡಿಗೆ ಹೋಗದೆ ಉಳಿದ ಗಿರಾಕಿ ಅವರೊಬ್ಬರೇ, ಓಡಿದೆ. ಬೀಗದ ಹಲ್ಲು ಕಿತ್ತು ವಾಪಸು ಬರುವಷ್ಟರಲ್ಲಿ ಮಗಳು ಬ್ಯಾಗು ಏರಿಸಿಕೊಂಡು ಗೆಳತಿಯ ಮನೆಗೆ ಹೋಗಿಯಾಗಿತ್ತು. ಬರುವುದು ಭಾನುವಾರ ಸಂಜೆ. ಹೋಗಲಿ ಬಿಡಿ, ಮುಕ್ಕಾಲು ಪಾಲು ತಿಳಿದ ಮೇಲೆ ಉಳಿದ ಕಾಲು ಪಾಲಿಗೆ ಅನುಭವವಿದೆಯಲ್ಲ!

ಪುಡಿ ಧಾರಾಳವಾಗಿ ಹಾಕು ಎಂದಿದ್ದಳು. ವ್ಯಾಪಾರಿಯ ಧಾರಾಳತನಕ್ಕೆ ಊರಲ್ಲಿ ಕೆಟ್ಟ ಹೆಸರಿದೆ. ಅದನ್ನು ಅಳಿಸಿಬಿಡೋಣವೆಂದು ಇಡೀ ಡಬ್ಬಿ ಸುರಿದೆ.

ಭಾನುವಾರ ಬೆಳಿಗ್ಗೆ ಫ್ರಿಜ್ ತೆರೆದರೆ ಪಾತ್ರೆಯಲ್ಲಿ ಅಮಾವಾಸ್ಯೆ! ಕೆಳಗೆ ಏನಿದೆ ಎಂದು ಚಮಚ ಇಳಿಬಿಟ್ಟರೆ ಚಮಚವೂ ಕಾಣಲಿಲ್ಲ. ಸೋಸಲು ಬಟ್ಟೆ ಹುಡುಕಿದೆ. ಕೈಗೆ ಸಿಕ್ಕಿದ ಬಟ್ಟೆಗಳೆಲ್ಲ ಬಣ್ಣದವು. ಬೆಳ್ಳಗೆ, ತೆಳ್ಳಗೆ, ಶುಭ್ರವಾಗಿ ಇದ್ದದ್ದು ಒಂದೇ, ಅಡುಗೆಮನೆಯ ಕಿಟಕಿಯ ಪರದೆ. ಬಿಚ್ಚಿದೆ, ಸೋಸಿದೆ. ಪಕ್ಕದ ಮನೆಯಾಕೆ ತಮ್ಮ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಾ ನಿಂತಿದ್ದರು. ಇದುವರೆಗೆ ಅಡ್ಡವಾಗಿದ್ದ ಪರದೆ ನನ್ನ ಕೈಯಲ್ಲಿತ್ತು.

"ಪರದೆ ಒಗೀತಿದ್ದೀರಾ?" ಎಂದರು.

"ಕಾಫಿ ಮಾಡ್ತಿದ್ದೀನಿ."

ಅವರು ಕಿಟಕಿ ಮುಚ್ಚಿಕೊಂಡರು.

ಇನ್ನು ಐಸು. ನಮ್ಮ ಫ್ರಿಜ್ಜಿನಲ್ಲಿದ್ದ ಐಸಿನ ತಟ್ಟೆಗೆ ಎಂಟು ಗುಳಿ, ಅದರಲ್ಲಿ ಎರಡು ಒಡಕು. ಒಂದೂರಿಗೇ ಏಜೆಂಟನಾಗಲು ಹೊರಟವನಿಗೆ ಆರು ತುಂಡು ಐಸು ಸಾಕೇ? ಆಗ ನೆನಪಾದದ್ದು ಮಂಚದ ಪಕ್ಕ ಇದ್ದ ನನ್ನ ರಿಪೇರಿ ಡಬ್ಬಿ. ಬೀಗದ ಪಿನ್ನು, ಸ್ಪ್ರಿಂಗು, ಸ್ಕ್ರೂ ಬೇರೆಬೇರೆಯಾಗಿ ಇಡುವ, ನಲವತ್ತೆಂಟು ಚೌಕದ ಪ್ಲಾಸ್ಟಿಕ್ ಡಬ್ಬಿ. ಒಳಗಿದ್ದ ಸಾಮಾನನ್ನೆಲ್ಲ ಪೇಪರಿನ ಮೇಲೆ ಸುರಿದು, ಡಬ್ಬಿಯನ್ನು ಸೋಪು ಹಾಕಿ ಎರಡು ಸಲ ತೊಳೆದೆ. ಮೂರನೇ ಸಲವೂ ತೊಳೆಯಬಹುದಿತ್ತು. ತೊಳೆಯಲಿಲ್ಲ. ಡಿಕಾಕ್ಷನ್ ತುಂಬಿ ಫ್ರೀಜರಿಗೆ ನೂಕಿದೆ.

ಉಳಿದ ಡಿಕಾಕ್ಷನ್ನಿಗೆ ಏಲಕ್ಕಿ ಜಜ್ಜಿ ಹಾಕಿದೆ, ಚಕ್ಕೆ ಹಾಕಿದೆ, ಕಿತ್ತಳೆಯ ಸಿಪ್ಪೆ ಹಿಂಡಿದೆ, ಕೆನೆ ಸುರಿದೆ, ಸಕ್ಕರೆ ಸುರಿದೆ, ಮತ್ತೂ ಕಹಿಯೆನಿಸಿ ಮತ್ತೂ ಸಕ್ಕರೆ ಸುರಿದೆ. ಒಂದು ಗಳಿಗೆ ನಲ್ಲಿಯ ಕೆಳಗೆ ಪಾತ್ರೆ ಹಿಡಿದು ಚೂರು ನೀರು ಸೇರಿಸಲೇ ಎಂದು ಯೋಚಿಸಿದ್ದೂ ಉಂಟು. ಆದರೆ ನೀರು ಬೆರೆಸಿದರೆಂದು ಮೂರು ಜನ ಹಾಲಿನವರನ್ನು ಬಿಡಿಸಿದವನು ನಾನು. ನಾನೇ ನೀರು ಬೆರೆಸುವುದೇ? ನನ್ನ ಅಂಗಡಿಯಲ್ಲಿ ಹಿತ್ತಾಳೆ ಎಂದರೆ ಹಿತ್ತಾಳೆ, ಉಕ್ಕು ಎಂದರೆ ಉಕ್ಕು. ನನ್ನ ಕಾಫಿಯಲ್ಲೂ ಕಾಫಿಯೇ ಇರಬೇಕು. ಒಂದು ಹನಿ ಕಲಬೆರಕೆ ಇಲ್ಲದ ಅಪ್ಪಟ ಮಾಲು!

ಮಾಲು ಎಂದ ಮೇಲೆ ಪರೀಕ್ಷೆ ಬೇಡವೇ? ಒಂದು ಚಮಚ ನೋಡಿದೆ. ಅಬ್ಬಾ! ಏಲಕ್ಕಿಯ ಘಮ, ಕಿತ್ತಳೆಯ ಒಗರು, ಕೆನೆಯ ಮೆತ್ತನೆ, ಅದರಡಿಯಲ್ಲಿ ಕಾಫಿಯ ಗಡಸು. ಇದು ನಿಜವಾಗಿ ನಾನೇ ಮಾಡಿದ್ದೇ ಎಂದು ಖಚಿತಪಡಿಸಿಕೊಳ್ಳಲು ಇನ್ನೊಂದು ಚಮಚ. ಚಮಚದಲ್ಲಿ ಶುರುವಾದ ಪರೀಕ್ಷೆ ಸೌಟಿಗೆ ಬಂತು, ಸೌಟಿನಿಂದ ಅರ್ಧ ಲೋಟಕ್ಕೆ ಏರಿತು. ಮೂರೂವರೆ ಹೊತ್ತಿಗೆ ನಾನು ಬಾಗಿಲ ಹಿಡಿಯನ್ನು ಮೂರು ಸಲ ಉಜ್ಜಿ ಹೊಳಪಿಸಿ, ಎಲ್ಲರ ಚಪ್ಪಲಿಗಳನ್ನೂ ಉದ್ದದ ಪ್ರಕಾರ ಜೋಡಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ನಾಲ್ಕು ತಿಂಗಳ ಭಾನುವಾರಗಳನ್ನು ಎಣಿಸಿಯಾಗಿತ್ತು.

"ಏನ್ರೀ ಇದು, ರಬ್ಬರ್ ಚೆಂಡಿನ ಹಾಗೆ ಪುಟೀತಿದ್ದೀರಿ?" ಎಂದಳು ಹೆಂಡತಿ.

"ಉತ್ಸಾಹ ಕಣೆ! ಬಾ, ಒಂದು ಗುಟುಕು ನೋಡು."

"ನನಗೆ ಬಿಸಿ ಟೀ ಸಾಕು," ಎಂದು ಅವಳು ಮಕ್ಕಳ ಉತ್ತರಪತ್ರಿಕೆಗಳ ಕಟ್ಟು ಹಿಡಿದು ಒಳಕೋಣೆಗೆ ಹೋದಳು. ಆ ಮನೆಯಲ್ಲಿ ಆ ಸಂಜೆ ಒಬ್ಬರಾದರೂ ನೆಟ್ಟಗಿದ್ದರೆಂದರೆ ಅದಕ್ಕೆ ಆ ಟೀಯೇ ಕಾರಣ.

ನಾಲ್ಕಕ್ಕೆ ಸರಿಯಾಗಿ ಯಜಮಾನರು ಬಂದರು. ಅರವತ್ತರ ಗಡಿ, ದಪ್ಪ ಮೀಸೆ, ತಾವೇ ತಯಾರಿಸಿದ ದೊಡ್ಡ ಬೀಗದಂಥ ಚೌಕ ಮುಖ.

"ಬನ್ನಿ, ದಾರಿ ಸಿಕ್ಕಿತಾ?" ಎಂದೆ.

"ಹೂಂ."

"ಬಿಸಿಲು ಜಾಸ್ತಿ."

"ಹೂಂ."

ಅಲ್ಲಿಗೆ ನನ್ನ ಮಾತಿನ ಖರ್ಚು ಮುಗಿಯಿತು. ಉದ್ದನೆಯ ಎರಡು ಗಾಜಿನ ಲೋಟಗಳಲ್ಲಿ ಐಸ್ ಕಾಫಿ ತಂದಿಟ್ಟೆ. ಯಜಮಾನರು ಒಂದು ಗುಟುಕು ಹೀರಿದರು. ಮೀಸೆ ಒಂದಿಷ್ಟು ಮೇಲೆದ್ದಿತು. "ಹೂಂ!" ಎಂದರು. ಈ ಹೂಂಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಇತ್ತು! ಗೆದ್ದೆ ಎಂದುಕೊಂಡೆ. ಲೋಟ ಖಾಲಿಯಾಯಿತು. ಹುಬ್ಬಿನಲ್ಲೇ ಇನ್ನೊಂದು ಬೇಕೇ ಎಂದೆ, ಮೀಸೆಯಲ್ಲೇ ಬೇಕು ಎಂದರು. ಎರಡನೇ ಲೋಟಕ್ಕೆ ಕೈಗೆ ಬಂದಷ್ಟು ಐಸು ಹಾಕಿದೆ. ನಾನೂ ಇನ್ನೊಂದು ಸುರಿದುಕೊಂಡೆ.

ಮತ್ತೆ ಎದುರುಬದುರು ಕೂತೆವು. ಯುದ್ಧ ಆರಂಭ! ನಾನು ಸುಮ್ಮನೆ. ಅವರು ಸುಮ್ಮನೆ. ಗಡಿಯಾರದ ಮುಳ್ಳು ಮಾತ್ರ ಟಿಕ್ ಟಿಕ್. ಹತ್ತು ನಿಮಿಷ. ಹದಿನೈದು ನಿಮಿಷ. ಅವರು ಕೆಮ್ಮಲಿಲ್ಲ, ಬೆವರಲಿಲ್ಲ. ಇಪ್ಪತ್ತನೇ ನಿಮಿಷಕ್ಕೆ ನನ್ನ ಎಡಗಾಲು ತಾನಾಗಿಯೇ ಕುಣಿಯತೊಡಗಿತು. ಬಲಗಾಲಿನಿಂದ ಅದನ್ನು ತುಳಿದು ಹಿಡಿದೆ. ಬಲಗಾಲೂ ಅದರ ಪಕ್ಷ ಸೇರಿತು. ಎದುರಿಗೆ ನೋಡಿದರೆ ಯಜಮಾನರ ಹತ್ತೂ ಬೆರಳು ಕುರ್ಚಿಯ ಕೈಮೇಲೆ ಓಟದ ಕುದುರೆಗಳಾಗಿವೆ. ಮೀಸೆಯ ಎಡತುದಿ ಅದುರುತ್ತಿದೆ. ನನ್ನ ಎದೆಯೊಳಗೆ ಯಾರೋ ಬೀಗ ಒಡೆಯುತ್ತಿದ್ದಾರೆ, ಧಡ್, ಧಡ್, ಧಡ್! ಗಂಟಲಿನವರೆಗೆ ಮಾತು ಬಂದು ನಿಂತಿದೆ, ಬೆಳಗಿನ ಬಸ್ಸಿನ ಬಾಗಿಲಲ್ಲಿ ಜನ ನಿಂತ ಹಾಗೆ. ಹಲ್ಲು ಕಚ್ಚಿ ತಡೆದೆ. ಅಂಗಡಿ! ಏಜೆನ್ಸಿ! ಮೂವತ್ತು ವರ್ಷದ ದಾಖಲೆ!

ಆಗ ಯಜಮಾನರು ಸಂಕಟ ತಡೆಯಲಾರದೆ ಲೋಟದ ತಳದಲ್ಲಿದ್ದ ಐಸಿನ ತುಂಡೊಂದನ್ನು ಬಾಯಿಗೆಸೆದು ಕಡಿದರು.

ಕಟಕ್!

ಎರಡು ಬೆರಳು ಬಾಯಿಗೆ ಹಾಕಿ ಏನನ್ನೋ ಹೊರಗೆ ತೆಗೆದರು. ಬೆಳಕಿಗೆ ಹಿಡಿದರು. ಕೂದಲಿಗಿಂತ ತುಸು ದಪ್ಪದ, ಹೊಳೆಯುವ, ಪುಟಾಣಿ ಸುರುಳಿ.

"ಇದು ನಮ್ಮ ಬೀಗದ ಸ್ಪ್ರಿಂಗು!"

ಓದುಗರೇ, ಗಮನಿಸಿ! ಮೊದಲು ಬಾಯಿಬಿಟ್ಟವರು ಅವರು! ನಿಯಮದ ಪ್ರಕಾರ ಗೆದ್ದವನು ನಾನು! ಇನ್ನು ಎರಡು ನಿಮಿಷ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಆದರೆ ಕಲಬೆರಕೆಯಿಲ್ಲದ ಆ ಅಪ್ಪಟ ಮಾಲು ಒಳಗೆ ಕೂತಿತ್ತಲ್ಲ, ಅದು ನನ್ನ ತುಟಿಗಳನ್ನು ಕದದ ಹಾಗೆ ಎರಡೂ ಕಡೆಗೆ ತಳ್ಳಿ ತೆರೆಯಿತು.

"ಹೌದು, ನಿಮ್ಮದೇ!" ಎಂದೆ. "ಬಿಚ್ಚಿ ನೋಡಿದ್ದೆ! ಪೂರ್ತಿ ಬಿಚ್ಚಿದ್ದೆ! ಯಾಕೆ ಬಿಚ್ಚಿದೆ ಅಂದ್ರೆ, ನನ್ನ ಮಗಳು ಅದನ್ನ ತಲೆಪಿನ್ನಲ್ಲಿ ತೆಗೆದಳು! ಅರ್ಧ ನಿಮಿಷದಲ್ಲಿ! ಅರ್ಧ ನಿಮಿಷ ಅಂದ್ರೆ ಸುಳ್ಳಾಗುತ್ತೆ, ಇಪ್ಪತ್ತೆರಡು ಸೆಕೆಂಡು! ನಾನೇ ಗಡಿಯಾರ ನೋಡಿದೆ! ಹೇಳಬಾರದು ಅಂತಿದ್ದೆ, ಹೇಳಿಬಿಟ್ಟೆ! ಅಯ್ಯೋ, ಹೇಳಬಾರದು ಅಂತಿದ್ದೆ ಅನ್ನೋದನ್ನೂ ಹೇಳಿಬಿಟ್ಟೆ!"

ಯಜಮಾನರು ಮುನಿಸಿಕೊಂಡು ಏಳುತ್ತಾರೆ ಎಂದುಕೊಂಡೆ. ಎದ್ದರು. ಆದರೆ ಬಾಗಿಲಿಗೆ ಹೋಗಲಿಲ್ಲ, ಕುರ್ಚಿಯ ಸುತ್ತ ಪ್ರದಕ್ಷಿಣೆ ಶುರುಮಾಡಿದರು.

"ಇಪ್ಪತ್ತೆರಡಾ? ನಮ್ಮ ಮನೆಯವಳು ಹದಿನೈದೇ ಸೆಕೆಂಡಲ್ಲಿ ತೆಗೆದಳು! ಹೆಣಿಗೆ ಸೂಜೀಲಿ! ಬೀಗ ಗಟ್ಟಿ ಇದೆ ಸ್ವಾಮಿ, ಉಕ್ಕು ಗಟ್ಟಿ ಇದೆ, ಈ ಸ್ಪ್ರಿಂಗೇ ಮೆತ್ತಗೆ! ಹಳೇ ಸ್ಪ್ರಿಂಗು ಎರಡು ಮೂಟೆ ಉಳಿದಿತ್ತು, ಖಾಲಿ ಆಗಲಿ ಅಂತ ಹಾಕಿಸಿದೆ. ಬುದ್ಧಿ ಇಲ್ಲ ನನಗೆ! ನಮ್ಮಪ್ಪನೂ ಇದನ್ನೇ ಹೇಳ್ತಿದ್ದರು!"

"ನಮ್ಮಪ್ಪನೂ ಹೇಳ್ತಿದ್ದರು! ನನಗೆ!"

"ಮತ್ತೆ ನಾನು ಮಾತು ಕಡಿಮೆ ಆಡೋದು ಗಾಂಭೀರ್ಯಕ್ಕಲ್ಲ! ಬಾಯಿಬಿಟ್ರೆ ನಿಜ ಹೇಳಿಬಿಡ್ತೀನಿ, ಅದಕ್ಕೇ ಹೂಂ ಅಂತೀನಿ!"

"ನಾನೂ ಅಷ್ಟೇ! ನನಗೂ ಅದೇ ಕಾಯಿಲೆ!"

ಆಮೇಲೆ ಏನು ನಡೆಯಿತೋ ಹೇಳುವುದು ಕಷ್ಟ. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದೆವು. ಅವರು ಕುರ್ಚಿ ಸುತ್ತುತ್ತಿದ್ದರು, ನಾನು ಮೇಜು ಸುತ್ತುತ್ತಿದ್ದೆ, ಸಂಧಿಸಿದಾಗಲೆಲ್ಲ ಒಬ್ಬರ ಕೈ ಒಬ್ಬರು ಕುಲುಕುತ್ತಿದ್ದೆವು. ಅವರ ಬಾಲ್ಯ, ನನ್ನ ಮಂಡಿನೋವು, ಅವರ ಅಳಿಯನ ಸೋಮಾರಿತನ, ನಾನು ಚಿಕ್ಕವನಿದ್ದಾಗ ನೆರೆಮನೆಯ ಮಾವಿನಕಾಯಿ ಕದ್ದದ್ದು, ಯಾವುದೂ ಉಳಿಯಲಿಲ್ಲ.

"ಸೈಲೆನ್ಸ್!"

ಮೂರು ಚಪ್ಪಾಳೆ. ಒಳಕೋಣೆಯ ಬಾಗಿಲಲ್ಲಿ ನನ್ನ ಹೆಂಡತಿ, ಕೈಯಲ್ಲಿ ಕೆಂಪು ಪೆನ್ನು. ಇಬ್ಬರೂ ನಿಂತಲ್ಲೇ ನಿಂತೆವು.

"ಕೂತ್ಕೊಳಿ. ಇಬ್ಬರೂ."

ಕೂತೆವು.

"ಮಾತಾಡೋರು ಕೈ ಎತ್ತಿ. ಒಬ್ಬರಾದ ಮೇಲೆ ಒಬ್ಬರು."

ಎರಡು ಕೈ ಒಟ್ಟಿಗೆ ಮೇಲೆದ್ದವು.

"ಮೇಡಂ, ನಾನು ಮೊದಲು ಎತ್ತಿದ್ದು!" ಎಂದರು ಅರವತ್ತರ ಯಜಮಾನರು.

"ಸುಳ್ಳು! ನಾನು!"

"ದೂರು ಹೇಳೋ ಹಾಗಿಲ್ಲ," ಎಂದಳು ಹೆಂಡತಿ. "ಮೊದಲು ನೀವು ಹೇಳಿ ಯಜಮಾನರೇ. ಎದುರಂಗಡಿಗೆ ಹೋಗಿದ್ರಾ?"

"ಹೋಗಿದ್ದೆ ಮೇಡಂ. ಹೋದ ವಾರವೇ ಹೋಗಿದ್ದೆ. ಅವನು ಕೀಲಿ ಹಾಕೋ ಬೀಗ ಯಾರಿಗೆ ಬೇಕು ಅಂತ ಕೈಯಲ್ಲೂ ಹಿಡೀಲಿಲ್ಲ. ಇವರೂ ಬೇಡ ಅಂದ್ರೆ ಈ ಊರಲ್ಲಿ ನನಗೆ ಬೇರೆ ಅಂಗಡಿನೇ ಇಲ್ಲ. ಅದನ್ನ ತೋರಿಸ್ಕೋಬಾರದು ಅಂತ ಹೂಂ ಅಂತ ಕೂತಿದ್ದೆ."

ನನ್ನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಹೋದ ವಾರವೇ! ಅಂದರೆ ನಾನು ಯಾವ ಷರತ್ತು ಹಾಕಿದರೂ ಅವರು ಒಪ್ಪುವವರಿದ್ದರು!

"ಈಗ ನೀವು," ಎಂದು ಹೆಂಡತಿ ಪೆನ್ನನ್ನು ನನ್ನ ಕಡೆ ತಿರುಗಿಸಿದಳು.

ಹೇಳಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದೆ. ಕಾಫಿ ಬೆರಳುಗಳ ಸಂದಿಯಿಂದಲೇ ಮಾತಾಡಿತು. "ಅವರು ಏನು ಕೇಳಿದ್ರೂ ಒಪ್ಪಿಕೊಳ್ಳೋನಿದ್ದೆ! ಬೀಗ ಕೆಟ್ಟರೆ ನಷ್ಟ ನೀನೇ ಭರಿಸು ಅಂದಿದ್ರೂ ಹೂಂ ಅಂತಿದ್ದೆ! ಬೋರ್ಡು ಬೇರೆ ಬರೆಸಿಬಿಟ್ಟಿದ್ದೀನಿ!"

"ಯಾವ ಬೋರ್ಡು?"

"'ಅಧಿಕೃತ ಏಕೈಕ ಏಜೆಂಟರು' ಅಂತ! ಮಂಚದ ಕೆಳಗಿದೆ!"

ಈಗ ಬಾಯಿ ತೆರೆದು ಕೂರುವ ಸರದಿ ಯಜಮಾನರದು.

ಹೆಂಡತಿ ನಮ್ಮಿಬ್ಬರನ್ನೂ ಒಮ್ಮೆ ಅಳೆದು ನೋಡಿದಳು. "ಇವರಿಗೆ ನಿಮ್ಮನ್ನ ಬಿಟ್ಟರೆ ಅಂಗಡಿ ಇಲ್ಲ. ನಿಮಗೆ ಇವರನ್ನ ಬಿಟ್ಟರೆ ಮಾಲಿಲ್ಲ. ಇಷ್ಟು ಹೇಳೋಕೆ ಅರ್ಧ ಗಂಟೆ ಗಡಿಯಾರ ನೋಡ್ತಾ ಕೂತಿದ್ರಾ? ನನ್ನ ಕ್ಲಾಸಿನ ಮಕ್ಕಳು ಪೆನ್ಸಿಲು ರಬ್ಬರು ಬದಲಾಯಿಸಿಕೊಳ್ಳೋದು ಎಷ್ಟೋ ವಾಸಿ."

ಇಬ್ಬರೂ ನೆಲ ನೋಡಿದೆವು. ಅವಳು ನೋಟ್‌ಬುಕ್ ತೆಗೆದು ಬರೆಯುತ್ತಾ ಹೇಳಿದಳು. "ಮೊದಲನೇದು, ಆ ಎರಡು ಮೂಟೆ ಸ್ಪ್ರಿಂಗು ಗುಜರಿಗೆ. ಹೊಸ ಸ್ಪ್ರಿಂಗ್ ಹಾಕಿದ ಬೀಗ ಬರಬೇಕು, ನನ್ನ ಮಗಳು ತಲೆಪಿನ್ನಲ್ಲಿ ಪರೀಕ್ಷೆ ಮಾಡ್ತಾಳೆ. ಅದರಲ್ಲಿ ಪಾಸಾದ್ರೆ ಏಜೆನ್ಸಿ ನಮ್ಮ ಅಂಗಡಿಗೆ ಮಾತ್ರ. ಆಮೇಲೆ ಕೆಟ್ಟ ಬೀಗವನ್ನ ಕಾರ್ಖಾನೆಯೇ ವಾಪಸು ತಗೋಬೇಕು, ನಾವು ಗಿರಾಕಿಗೆ ಸುಳ್ಳು ಹೇಳಲ್ಲ. ಒಪ್ಪಿಗೆನಾ?"

"ಒಪ್ಪಿಗೆ ಮೇಡಂ!" ಎಂದು ಯಜಮಾನರು ಎದ್ದುನಿಂತು ಹೇಳಿದರು.

ಆಗಲೇ ಮಗಳು ಬ್ಯಾಗು ಇಳಿಸುತ್ತಾ ಒಳಬಂದಳು. ಕುಣಿಯುತ್ತಿದ್ದ ನಾಲ್ಕು ಕಾಲುಗಳನ್ನು ನೋಡಿದಳು, ಬರಿದಾದ ಲೋಟಗಳನ್ನು ನೋಡಿದಳು.

"ಅಪ್ಪಾ, ಡಿಕಾಕ್ಷನ್ನಿಗೆ ಎಷ್ಟು ನೀರು ಬೆರೆಸಿದೆ?"

"ನೀರಾ? ಛೇ, ಒಂದು ಹನಿಯೂ ಇಲ್ಲ! ಅಪ್ಪಟ!"

"ಅಯ್ಯೋ ಅಪ್ಪಾ! ಒಂದು ಲೋಟಕ್ಕೆ ಮೂರು ಲೋಟ ನೀರೋ ಹಾಲೋ ಬೆರೆಸಬೇಕು! ಅದನ್ನೇ ಹೇಳೋಕೆ ಹೊರಟಾಗ ನೀನು ಓಡಿಹೋದೆ! ಐಸೂ ಅದರದ್ದೇನಾ? ಅಮ್ಮಾ, ಇವರಿಬ್ಬರೂ ಇಡೀ ಬೀದಿಗಾಗೋಷ್ಟು ಕಾಫಿ ಕುಡಿದಿದ್ದಾರೆ!"

"ಅದಕ್ಕೇ ನನಗೆ ನಮ್ಮ ಅಜ್ಜಿ ಕಾಣಿಸಿದ್ದು," ಎಂದರು ಯಜಮಾನರು.

ಹೆಂಡತಿ ಇಬ್ಬರ ಮುಂದೆಯೂ ಒಂದೊಂದು ಜಗ್ಗು ನೀರು ಇಟ್ಟಳು. ಬೆರೆಸಬೇಕಾಗಿದ್ದ ನೀರನ್ನು ನಾವು ಬೇರೆಯಾಗಿ, ಗುಟುಕು ಗುಟುಕಾಗಿ, ಅವಳ ಕಣ್ಣೆದುರೇ ಕುಡಿದು ಮುಗಿಸಿದೆವು. ಸುಮ್ಮನೆ ಕೂರಲು ಇಬ್ಬರಿಗೂ ಆಗುತ್ತಿರಲಿಲ್ಲವಾದ್ದರಿಂದ ಕಿಟಕಿಯ ಪರದೆ ಒಗೆಯುವ ಕೆಲಸ ನನಗೆ, ಹಿಂಡಿ ಒಣಗಿಸುವ ಕೆಲಸ ಯಜಮಾನರಿಗೆ ಬಂತು. ಪಕ್ಕದ ಮನೆಯಾಕೆ ಮತ್ತೆ ಕಿಟಕಿ ತೆರೆದು ನೋಡಿ, ಈ ಸಲ ಏನೂ ಕೇಳದೆ ಮುಚ್ಚಿಕೊಂಡರು. ಯಜಮಾನರು ನೋಟ್‌ಬುಕ್ಕಿನ ಹಾಳೆ ಜೇಬಿಗಿಟ್ಟುಕೊಂಡು ಲಗುಬಗೆಯಿಂದ ಹೊರಟರು. ಬೀದಿಯ ಕೊನೆವರೆಗೆ ನಡೆದಮೇಲೆ ತಾವು ಕಾರಿನಲ್ಲಿ ಬಂದದ್ದು ನೆನಪಾಗಿ ವಾಪಸು ಬಂದರು.

ಹತ್ತು ದಿನ ಕಳೆದು ಹೊಸ ಬೀಗ ಬಂತು. ಮಗಳು ಒಂದು ಪೊಟ್ಟಣ ತಲೆಪಿನ್ನು ಮುರಿದು ಹಾಕಿದಳು. ಬೀಗ ಮಿಸುಕಲಿಲ್ಲ. ಅಂಗಡಿ ಉಳಿಯಿತು! ಬೀಗದ ಜೊತೆಗೇ ದಪ್ಪನೆಯ ಲಕೋಟೆಯಲ್ಲಿ ಏಜೆನ್ಸಿಯ ಪತ್ರ. ಅಂಗಡಿಯ ಗಲ್ಲಾದಲ್ಲಿ ಕೂತು, ಎದುರಂಗಡಿಗೆ ಕಾಣುವ ಹಾಗೆ ಎತ್ತರಕ್ಕೆ ಹಿಡಿದು, ಗಂಭೀರವಾಗಿ ಓದತೊಡಗಿದೆ. ಎರಡನೇ ಸಾಲಿಗೆ ಬರುತ್ತಲೂ ಪತ್ರ ತಗ್ಗಿತು. 'ಏಜೆಂಟರ ಹೆಸರು' ಎಂಬಲ್ಲಿ ಇದ್ದದ್ದು ನನ್ನ ಹೆಂಡತಿಯ ಹೆಸರು! ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಎಲ್ಲ ಮಾತುಕತೆಯೂ ಮೇಲ್ಕಂಡವರೊಂದಿಗೆ ಮಾತ್ರ.

ಕೂಡಲೇ ಫೋನು ಮಾಡಿದೆ. "ಯಜಮಾನರೇ, ಹೆಸರು ತಪ್ಪಾಗಿ ಬಿದ್ದಿರಬೇಕು, ಅಲ್ವಾ?"

"ಊಹೂಂ," ಎಂದು ಉತ್ತರ ಬಂತು.

ಸಂಜೆ ಪತ್ರವನ್ನು ಹೆಂಡತಿಯ ಮುಂದಿಟ್ಟೆ. ಅವಳು ಕನ್ನಡಕ ಏರಿಸಿ, ಮೊದಲಿನಿಂದ ಕೊನೆವರೆಗೆ ಓದಿ, ಒಂದು ಕಾಗುಣಿತ ತಿದ್ದಿ, ಏಜೆಂಟರ ಜಾಗದಲ್ಲಿ ಸಹಿ ಹಾಕಿದಳು.

"ಮತ್ತೆ ನಾನು?" ಎಂದೆ, ಮೂವತ್ತು ವರ್ಷದ ಅನುಭವವನ್ನೆಲ್ಲ ಧ್ವನಿಯಲ್ಲಿ ತುಂಬಿ.

ಅವಳು ಹಾಳೆಯ ತಳದವರೆಗೂ ಹುಡುಕಿದಳು. "ಇಲ್ಲಿದೆ ನೋಡಿ. 'ಸಾಕ್ಷಿ' ಅಂತ. ಗೆರೆ ಮೇಲೇ ಬರೀರಿ, ಅಕ್ಷರ ದುಂಡಗಿರಲಿ. ಬರೆದು ನನಗೆ ತೋರಿಸಿ."

ನಾಲಿಗೆ ಕಚ್ಚಿಕೊಂಡು, ಗೆರೆ ದಾಟದ ಹಾಗೆ, ದುಂಡಗೆ ಬರೆದು ತೋರಿಸಿದೆ. ಅವಳು ಕತ್ತು ವಾಲಿಸಿ ನೋಡಿದಳು. "ಪರವಾಗಿಲ್ಲ," ಎಂದು ನನ್ನ ಸಹಿಯ ಪಕ್ಕ ಕೆಂಪು ಶಾಯಿಯಲ್ಲಿ ಹತ್ತಕ್ಕೆ ಆರು ಅಂಕ ಹಾಕಿದಳು.